ಮನೆಮಂದಿ ಎದುರು ಕುಳಿತಾಗ

ಇಂಗ್ಲಿಷಿನಲ್ಲಿ ಕೌನ್ಸೆಲಿಂಗ್ ಎನ್ನುವುದಕ್ಕೆ ಕನ್ನಡದಲ್ಲಿ ಎರಡು ಮಾತುಗಳು ಬಳಕೆಗೆ ಬಂದಿವೆ. ಒಂದು ಆಪ್ತಸಲಹೆ, ಇನ್ನೊಂದು ಆಪ್ತ ಸಮಾಲೋಚನೆ. ಮೇಲುನೋಟಕ್ಕೆ ಎರಡೂ ಒಂದೇ ಎನ್ನಿಸಿದರೂ ಇವುಗಳ ನಡುವೆ ಸಣ್ಣದಲ್ಲದ ಅಂತರವಿದೆ. ಸಲಹೆಯೆಂದರೆ ಒಬ್ಬರು ಕೊಡುವುದು, ಇನ್ನೊಬ್ಬರು ತೆಗೆದುಕೊಳ್ಳುವುದು. ಸಮಾಲೋಚನೆಯೆಂದರೆ ಕೂಡಿ ಆಲೋಚಿಸುವುದು. ರೂಢಿಯಲ್ಲಿ ಮೊದಲನೆಯದೇ ಹೆಚ್ಚು ನಿಂತಿದೆ. ಸಲಹೆ ಕೊಡುವುದರಲ್ಲಿ ನಮಗಿರುವ ಉತ್ಸಾಹವೂ ಅದಕ್ಕೆ ಕಾರಣವಿರಬಹುದು.

ಎರಡಕ್ಕೂ ಸಮಾನವಾಗಿರುವುದು 'ಆಪ್ತ' ಎಂಬ ವಿಶೇಷಣ. ಒಬ್ಬನೇ ಬಂದು ಎದುರು ಕುಳಿತು ತನ್ನ ದುಃಖವನ್ನು ತೋಡಿಕೊಂಡಾಗ ಅವನಿಗೆ ಆಪ್ತರಾಗುವುದು ಅಷ್ಟೇನೂ ಕಷ್ಟವಲ್ಲ. ಕೇಳುವ ಕಿವಿ, ತಾಳ್ಮೆ, ಗುಟ್ಟನ್ನು ಉಳಿಸಿಕೊಳ್ಳುವ ಶಕ್ತಿ ಇದ್ದರೆ ಅರ್ಧ ಕೆಲಸ ಆದಂತೆಯೇ. ಆದರೆ ಒಂದು ಮನೆಯಿಂದ ಐದು ಮಂದಿ ಬಂದು ಕುಳಿತರೆ? ಅತ್ತೆ ಸೊಸೆಯನ್ನು ದೂರುತ್ತಿದ್ದಾರೆ, ಸೊಸೆ ತಲೆತಗ್ಗಿಸಿದ್ದಾಳೆ, ಗಂಡ ಗೋಡೆಯ ಕ್ಯಾಲೆಂಡರನ್ನು ನೋಡುತ್ತಿದ್ದಾನೆ, ಮಾವನವರಿಗೆ ಇಲ್ಲಿಗೆ ಬಂದದ್ದೇ ಅವಮಾನವೆನಿಸಿದೆ, ಮಗು ಎಲ್ಲರ ಮುಖವನ್ನೂ ನೋಡುತ್ತಿದೆ. ಈಗ ಆಪ್ತಸಲಹೆಗಾರರು ಯಾರಿಗೆ ಆಪ್ತರು? ಕುಟುಂಬಗಳೊಡನೆ, ಗುಂಪುಗಳೊಡನೆ ಕೆಲಸ ಮಾಡುವವರಿಗೆ ಕೊಡಬೇಕಾದ ಶಿಕ್ಷಣವೆಲ್ಲ ಈ ಒಂದು ಪ್ರಶ್ನೆಯ ಸುತ್ತ ಇದೆ.

ಮನೆಯ ಜಗಳ ಹೊಸಿಲು ದಾಟಿದಾಗ ಅದನ್ನು ಹಿರಿಯರ ಮುಂದಿಡುವುದು ನಮ್ಮಲ್ಲಿ ಹಿಂದಿನಿಂದ ಬಂದ ಪದ್ಧತಿ. ಸೋದರಮಾವನೋ ಊರಿನ ಗೌಡರೋ ಮಠದ ಸ್ವಾಮಿಗಳೋ ಎರಡೂ ಕಡೆಯ ಮಾತು ಕೇಳಿ, ತಪ್ಪು ಯಾರದು, ಒಪ್ಪು ಯಾರದು ಎಂದು ತೀರ್ಮಾನಿಸುತ್ತಿದ್ದರು. ಜಮೀನಿನ ಬದು, ಒಡವೆಯ ಪಾಲು, ಸಾಲದ ಲೆಕ್ಕ ಇಂಥ ವಿಷಯಗಳಲ್ಲಿ ಈ ಪಂಚಾಯಿತಿಯಿಂದ ಉಪಕಾರವಾಗಿಲ್ಲವೆಂದು ಹೇಳಲಾಗದು. ಆದರೆ ಮನಸ್ಸು ಮನಸ್ಸುಗಳ ನಡುವಣ ವಿಷಯದಲ್ಲಿ ತೀರ್ಪು ಹೆಚ್ಚು ದೂರ ಹೋಗುವುದಿಲ್ಲ. ಗೆದ್ದವರೂ ಸೋತವರೂ ಅದೇ ಮನೆಗೆ ಹಿಂತಿರುಗಬೇಕು, ಅದೇ ಅಡಿಗೆಮನೆಯಲ್ಲಿ ಕೂಡಿ ದುಡಿಯಬೇಕು. ಇಂದು ಆಪ್ತಸಲಹೆಗಾರರ ಬಳಿಗೆ ಬರುವ ಕುಟುಂಬವೂ ಒಳಗೊಳಗೇ ನಿರೀಕ್ಷಿಸುವುದು ಅಂಥ ತೀರ್ಪನ್ನೇ. ಹೊಸದಾಗಿ ಕಲಿಯಲು ಬಂದವರ ನಾಲಗೆಯ ತುದಿಯಲ್ಲೂ ತೀರ್ಪು ಸಿದ್ಧವಾಗಿರುತ್ತದೆ. ಅದನ್ನು ತಡೆಹಿಡಿಯುವುದನ್ನು ಕಲಿಸುವುದೇ ಶಿಕ್ಷಣದ ಮೊದಲ ಪಾಠ, ಬಹುಶಃ ಕೊನೆಯ ಪಾಠವೂ ಕೂಡ.

ಈ ವಿದ್ಯೆ ಹೇಗೆ ಬೆಳೆದು ಬಂತೆಂಬುದನ್ನು ಸ್ವಲ್ಪ ನೋಡಬಹುದು. 1905ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಜೋಸೆಫ್ ಪ್ರ್ಯಾಟ್ ಎಂಬ ವೈದ್ಯರು ಬಡ ಕ್ಷಯರೋಗಿಗಳನ್ನು ವಾರಕ್ಕೊಮ್ಮೆ ಒಂದೆಡೆ ಸೇರಿಸತೊಡಗಿದರು. ಆರೋಗ್ಯಧಾಮಕ್ಕೆ ಹೋಗುವ ಶಕ್ತಿಯಿಲ್ಲದ ಆ ಜನರಿಗೆ ವಿಶ್ರಾಂತಿ, ಆಹಾರ, ಶುದ್ಧ ಗಾಳಿ ಇವುಗಳ ವಿಷಯ ತಿಳಿಸಿಕೊಡುವುದಷ್ಟೇ ಅವರ ಉದ್ದೇಶ. ಆದರೆ ಕ್ರಮೇಣ ಅವರಿಗೆ ಬೇರೊಂದು ಸಂಗತಿ ಕಂಡಿತು. ತೂಕ ಹೆಚ್ಚಿದ ಒಬ್ಬನನ್ನು ಕಂಡು ಉಳಿದವರಿಗೆ ಧೈರ್ಯ ಬರುತ್ತಿತ್ತು. ಬೇರೆ ಬೇರೆ ಜನಾಂಗದವರು, ಬೇರೆ ಬೇರೆ ಮತದವರು ಒಂದೇ ರೋಗದ ನಂಟಿನಿಂದ ಬಂಧುಗಳಾಗುತ್ತಿದ್ದರು. ವೈದ್ಯರ ಉಪದೇಶದಿಂದ ಆಗದುದು ರೋಗಿಗಳ ಪರಸ್ಪರ ಸಾನ್ನಿಧ್ಯದಿಂದ ಆಗುತ್ತಿತ್ತು. 'ಈ ಕಷ್ಟ ನನಗೊಬ್ಬನಿಗೇ ಬಂದದ್ದಲ್ಲ' ಎಂಬ ಅರಿವಿನ ಬಲವನ್ನು ಮುಂದೆ ಈ ಕ್ಷೇತ್ರದಲ್ಲಿ ದುಡಿದವರೆಲ್ಲರೂ ಒಪ್ಪಿದ್ದಾರೆ. ಕುಡಿತ ಬಿಡಬಯಸುವವರ ಸಂಘವಾದ ಆಲ್ಕೊಹಾಲಿಕ್ಸ್ ಅನಾನಿಮಸ್ 1935ರಲ್ಲಿ ಹುಟ್ಟಿದ್ದೂ, ಅಂಥವರ ಮನೆಯವರಿಗಾಗಿ ಅಲ್-ಅನಾನ್ 1951ರಲ್ಲಿ ಆರಂಭವಾದದ್ದೂ ಇದೇ ಬಲವನ್ನು ನಂಬಿ.

ಗುಂಪನ್ನು ನಡೆಸುವವರಿಗೆ ಶಿಕ್ಷಣ ಕೊಡುವ ಬಗೆ ಹೇಗೆಂಬುದಕ್ಕೆ ದಾರಿ ತೆರೆದದ್ದು 1946ರ ಒಂದು ಘಟನೆ. ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ ಜನಾಂಗಗಳ ನಡುವಣ ವೈಷಮ್ಯವನ್ನು ತಗ್ಗಿಸಲು ದುಡಿಯುವವರಿಗಾಗಿ ಕರ್ಟ್ ಲೆವಿನ್ ಎಂಬ ಮನಶ್ಶಾಸ್ತ್ರಜ್ಞರು ಬೇಸಗೆಯಲ್ಲಿ ಒಂದು ಶಿಬಿರ ನಡೆಸಿದರು. ಹಗಲು ಶಿಬಿರಾರ್ಥಿಗಳ ಚರ್ಚೆ. ಸಂಜೆ, ಆ ಚರ್ಚೆಯಲ್ಲಿ ಯಾರು ಹೇಗೆ ನಡೆದುಕೊಂಡರೆಂದು ಲೆವಿನ್ನರ ಸಹಾಯಕರ ಪರಾಮರ್ಶೆ. ಒಂದು ಸಂಜೆ ಕೆಲವು ಶಿಬಿರಾರ್ಥಿಗಳು ತಾವೂ ಕುಳಿತು ಕೇಳಬಹುದೇ ಎಂದರು. ಲೆವಿನ್ ಒಪ್ಪಿದರು. ತನ್ನ ವಿಷಯ ಬಂದಾಗ ಒಬ್ಬ ಮಹಿಳೆ ತಡೆದು, ನಡೆದದ್ದು ಹಾಗಲ್ಲವೆಂದರು. ವಾದ ಬೆಳೆಯಿತು. ಆದರೆ ಮುಂದಿನ ಸಂಜೆಗಳಲ್ಲಿ ಇತರರೂ ಬಂದು ಸೇರಿಕೊಂಡರು. ತಾನು ನಡೆದುಕೊಂಡ ರೀತಿ ಬೇರೆಯವರ ಕಣ್ಣಿಗೆ ಹೇಗೆ ಕಂಡಿತೆಂದು ಕೇಳಿಸಿಕೊಳ್ಳುವುದರಿಂದ ಆಗುವ ಕಲಿಕೆ ಯಾವ ಉಪನ್ಯಾಸದಿಂದಲೂ ಆಗದೆಂದು ಎಲ್ಲರಿಗೂ ಮನವರಿಕೆಯಾಯಿತು. 1947ರ ಫೆಬ್ರವರಿಯಲ್ಲಿ ಲೆವಿನ್ ತೀರಿಕೊಂಡರು. ಆದರೆ ಆ ವರ್ಷದ ಬೇಸಗೆಯಲ್ಲೇ ಮೇಯ್ನ್ ರಾಜ್ಯದ ಬೆತೆಲ್ ಎಂಬ ಊರಿನಲ್ಲಿ ಅವರ ಸಹೋದ್ಯೋಗಿಗಳು ಈ ಕ್ರಮವನ್ನು ಮುಂದುವರಿಸಿದರು.

ಕುಟುಂಬದ ವಿಷಯಕ್ಕೆ ಬಂದರೆ, ನಮ್ಮ ದೇಶದ ಅನುಭವ ಯಾರಿಗೂ ಕಡಿಮೆಯದಲ್ಲ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ರೋಗಿಗಳ ಜೊತೆಗೆ ಅವರ ಮನೆಯವರನ್ನೂ ಆಸ್ಪತ್ರೆಯ ಆವರಣದಲ್ಲೇ ಡೇರೆ ಹಾಕಿಸಿ ಉಳಿಸಿಕೊಂಡರು. ಬಂಧುಗಳು ರೋಗಿಯ ಆರೈಕೆಗೆ ನಿಂತರು. ರೋಗದ ಸ್ವರೂಪವನ್ನು ತಿಳಿದುಕೊಂಡರು. ಗುಣವಾದವರನ್ನು ಮನೆಗೆ ಕರೆದೊಯ್ದರು. ಮಾನಸಿಕ ಆಸ್ಪತ್ರೆಗೆ ಒಮ್ಮೆ ಸೇರಿದವರು ಅಲ್ಲಿಯೇ ಉಳಿದುಬಿಡುತ್ತಿದ್ದ ಕಾಲದಲ್ಲಿ ಇದು ದೊಡ್ಡ ಮಾತು. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ಮಾನಸಿಕ ಆರೋಗ್ಯ ಕೇಂದ್ರದಲ್ಲೂ ರೋಗಿಯೊಂದಿಗೆ ಮನೆಯವರು ಉಳಿಯುವ ಕ್ರಮ ಬೆಳೆದು ಬಂತು. ಬೆಂಗಳೂರಿನಲ್ಲಿ ಹಳೆಯ ಮಾನಸಿಕ ಆಸ್ಪತ್ರೆಯೂ 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಒಂದಾಗಿ 1974ರಲ್ಲಿ ನಿಮ್ಹಾನ್ಸ್ ರೂಪುಗೊಂಡಿತು. ಅಲ್ಲಿನ ಕುಟುಂಬ ಮನೋವೈದ್ಯಕೀಯ ಕೇಂದ್ರದಲ್ಲಿ ಮನೆಮಂದಿಯನ್ನು ಕೂಡಿಯೇ ಉಳಿಸಿಕೊಂಡು ಚಿಕಿತ್ಸೆ ನೀಡುವ ಏರ್ಪಾಡಾಯಿತು. ಮನೋವೈದ್ಯಕೀಯ ಸಮಾಜಕಾರ್ಯವನ್ನು ಕಲಿಯುವವರಿಗೆ ಅದೊಂದು ಪಾಠಶಾಲೆಯೂ ಆಯಿತು.

ಇಷ್ಟು ಹಿನ್ನೆಲೆಯ ಮೇಲೆ, ಈ ಶಿಕ್ಷಣದಲ್ಲಿ ನಿಜವಾಗಿ ಕಲಿಯಬೇಕಾದುದು ಏನೆಂಬುದನ್ನು ಒಂದು ಕಲ್ಪಿತ ನಿದರ್ಶನದಿಂದ ವಿವರಿಸಬಹುದು. ಹತ್ತನೆಯ ತರಗತಿಯ ಹುಡುಗನೊಬ್ಬನಿಗೆ ಬೆಳಗಾದರೆ ಹೊಟ್ಟೆನೋವು. ಶಾಲೆ ತಪ್ಪುತ್ತಿದೆ. ವೈದ್ಯರು ಪರೀಕ್ಷಿಸಿ, ದೇಹದಲ್ಲಿ ದೋಷವೇನೂ ಕಾಣುತ್ತಿಲ್ಲವೆಂದಿದ್ದಾರೆ. ವೈದ್ಯರ ಈ ಪರೀಕ್ಷೆ ಮೊದಲು ಆಗಲೇಬೇಕು. ಅದನ್ನು ಬಿಟ್ಟು ಮನಸ್ಸಿಗೆ ಕೈಹಾಕುವುದು ಅಪಾಯ. ತಂದೆ, ತಾಯಿ, ಅಜ್ಜಿ ಹುಡುಗನನ್ನು ಕರೆತಂದಿದ್ದಾರೆ. "ಇವನಿಗೆ ನಾಲ್ಕು ಬುದ್ಧಿಮಾತು ಹೇಳಿ, ಸಾರ್" ಎಂಬುದು ತಂದೆಯ ಕೋರಿಕೆ. ಶಿಕ್ಷಣವಿಲ್ಲದವರು ಹೇಳಿಯೇ ಬಿಡುತ್ತಾರೆ: ಪರೀಕ್ಷೆಯ ಮಹತ್ವ, ಬೆಳಗ್ಗೆ ಬೇಗ ಏಳುವುದರ ಪ್ರಯೋಜನ, ತಂದೆತಾಯಿಯ ತ್ಯಾಗ. ಹುಡುಗ ತಲೆದೂಗುತ್ತಾನೆ. ಸೋಮವಾರ ಮತ್ತೆ ಹೊಟ್ಟೆನೋವು.

ಕುಟುಂಬದೊಡನೆ ಕೆಲಸ ಮಾಡಲು ಕಲಿತವರು ಬೇರೆ ರೀತಿಯಲ್ಲಿ ಆರಂಭಿಸುತ್ತಾರೆ. "ಅಜ್ಜಿ, ನೋವು ಬಂದ ದಿನ ಬೆಳಗ್ಗೆ ಮನೆಯಲ್ಲಿ ಏನೇನು ನಡೆಯುತ್ತದೆ? ನೀವು ನೋಡಿದ್ದನ್ನು ಹೇಳಿ."

"ನಾನು ಜೀರಿಗೆ ಕಷಾಯ ಕಾಸ್ತೀನಪ್ಪ. ಇವಳು ಅವನ ಪಕ್ಕ ಕೂತ್ಕೋತಾಳೆ. ಇವನೂ ಆಫೀಸಿಗೆ ತಡ ಮಾಡ್ಕೊಂಡು ನಿಂತ್ಕೋತಾನೆ. ಆವಾಗ ಇಬ್ಬರೂ ಮಾತಾಡ್ತಾರೆ."

"ಬೇರೆ ದಿನ?"

ಅಜ್ಜಿ ಉತ್ತರ ಕೊಡುವುದಿಲ್ಲ. ತಾಯಿ ಸೆರಗನ್ನು ಸರಿಮಾಡಿಕೊಳ್ಳುತ್ತಾರೆ. ತಂದೆ ಗಂಟಲು ಸರಿಪಡಿಸಿಕೊಳ್ಳುತ್ತಾರೆ. ತಿಂಗಳುಗಳಿಂದ ಒಬ್ಬರೊಡನೊಬ್ಬರು ಮಾತು ಬಿಟ್ಟಿರುವ ಗಂಡಹೆಂಡಿರಿಗೆ ಮಗನ ಹೊಟ್ಟೆನೋವೇ ಉಳಿದಿರುವ ಒಂದು ಸೇತುವೆ. ಹುಡುಗ ನಾಟಕವಾಡುತ್ತಿಲ್ಲ. ನೋವು ನಿಜವಾದದ್ದೇ. ಆದರೆ ಅದು ಅವನೊಬ್ಬನದಲ್ಲ, ಮನೆಯದು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬ ಗಾದೆಯೂ, ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎಂಬ ಇನ್ನೊಂದೂ ಈ ತಿಳಿವಳಿಕೆಯನ್ನು ಶಾಸ್ತ್ರ ಹುಟ್ಟುವ ಮೊದಲೇ ಹೇಳಿಟ್ಟಿವೆ. ಇಬ್ಬರ ನಡುವಣ ಬಿಗುವು ಮೂರನೆಯವರ ಮೇಲೆ ಬೀಳುವ ಬಗೆಯನ್ನು ಅಮೆರಿಕದ ಮರ್ರೆ ಬೋವೆನ್ ಎಂಬ ಮನೋವೈದ್ಯರು ತ್ರಿಕೋನವೆಂದು ಕರೆದರು.

ಇಲ್ಲಿ ಗಮನಿಸಬೇಕಾದುದು, ಪ್ರಶ್ನೆಯನ್ನು ಅಜ್ಜಿಗೆ ಮೊದಲು ಕೇಳಿದ್ದು. ನಮ್ಮ ಮನೆಗಳಲ್ಲಿ ಮಾತಿಗೊಂದು ಸರದಿಯಿದೆ. ಹಿರಿಯರನ್ನು ದಾಟಿ ಕಿರಿಯರನ್ನು ಮಾತನಾಡಿಸಿದರೆ ಹಿರಿಯರು ಮುನಿಯುತ್ತಾರೆ; ಹಿರಿಯರೇ ಮಾತನಾಡಿ ಮುಗಿಸಿದರೆ ಸೊಸೆಯ ಮಾತು ಎಂದಿಗೂ ಹೊರಬರುವುದಿಲ್ಲ. ಹಿರಿತನಕ್ಕೆ ಸಲ್ಲಬೇಕಾದ ಗೌರವವನ್ನು ಸಲ್ಲಿಸಿಯೂ "ಅಮ್ಮ, ನಿಮ್ಮ ಅನುಭವ ತಿಳಿಯಿತು, ಇದನ್ನೇ ನಿಮ್ಮ ಸೊಸೆ ಹೇಗೆ ನೋಡಿದ್ದಾರೆಂದು ಕೇಳೋಣವೇ?" ಎಂದು ಅವರ ಅನುಮತಿಯಿಂದಲೇ ಬಾಗಿಲು ತೆರೆಯುವುದು ಕಲಿತು ಬರಬೇಕಾದ ಕಲೆ. ಯಾರು ಯಾರ ಪಕ್ಕದಲ್ಲಿ ಕುಳಿತರು, ಯಾರು ನಿಂತೇ ಉಳಿದರು, ಯಾರ ಮಾತಿಗೆ ಇನ್ನೊಬ್ಬರು ಉತ್ತರ ಕೊಟ್ಟರು ಎಂಬುದೆಲ್ಲ ಕಣ್ಣಿಗೆ ಬೀಳಬೇಕು. ಪರದೇಶದ ಪುಸ್ತಕಗಳಲ್ಲಿ ಮನೆಯೆಂದರೆ ತಂದೆ, ತಾಯಿ, ಇಬ್ಬರು ಮಕ್ಕಳು. ನಮ್ಮಲ್ಲಿ ಮನೆಯೆಂದರೆ ಮದುವೆಯಾಗದ ಚಿಕ್ಕಪ್ಪ, ವಿಧವೆಯಾಗಿ ಹಿಂತಿರುಗಿದ ಅತ್ತೆ, ಊರಿನಿಂದ ದಿನವೂ ಫೋನ್ ಮಾಡುವ ದೊಡ್ಡಮ್ಮ ಇವರೆಲ್ಲರೂ ಸೇರುತ್ತಾರೆ. ಕೋಣೆಯೊಳಗೆ ಬಾರದವರ ಮಾತೂ ಆ ಕೋಣೆಯಲ್ಲಿ ನಡೆಯುತ್ತಿರುತ್ತದೆ.

ಹಾಗಾದರೆ ಇದನ್ನು ಕಲಿಸುವುದು ಹೇಗೆ? ಉಪನ್ಯಾಸದಿಂದ ಈಜು ಬಾರದು. ಬಳಕೆಯಲ್ಲಿರುವ ಒಂದು ಕ್ರಮವೆಂದರೆ, ಕಲಿಯುವವರೇ ಒಂದು ಮನೆಯ ಪಾತ್ರಗಳನ್ನು ಹಂಚಿಕೊಂಡು ಅಭಿನಯಿಸುವುದು. ಇಪ್ಪತ್ತೈದು ವರ್ಷದ ಯುವಕ ಒಂದು ಗಂಟೆ ಅತ್ತೆಯಾಗಿ ಕುಳಿತು ಎದ್ದಮೇಲೆ, ಅತ್ತೆಯಂದಿರ ವಿಷಯದಲ್ಲಿ ಅವನ ಮಾತಿನ ಧಾಟಿಯೇ ಬದಲಾಗುತ್ತದೆ. ವರ್ಜೀನಿಯಾ ಸಟೀರ್ ಅವರು ಮನೆಯವರನ್ನು ಮಾತಿಲ್ಲದೆ, ಶಿಲ್ಪದಂತೆ, ಹತ್ತಿರ ದೂರ ನಿಲ್ಲಿಸಿ ಅವರ ಸಂಬಂಧವನ್ನು ಅವರಿಗೇ ತೋರಿಸುತ್ತಿದ್ದರು. ಮಾತಿನಲ್ಲಿ ಬಿಗಿಯಾಗಿರುವ ನಮ್ಮ ಜನಕ್ಕೆ ಇಂಥ ವಿಧಾನ ಕೆಲವೊಮ್ಮೆ ಹೆಚ್ಚು ಸುಲಭವಾಗಬಹುದು.

ಇನ್ನೊಂದು ಕ್ರಮ, ಗುರುವಿನ ಕಣ್ಣೆದುರಿನಲ್ಲೇ ಕೆಲಸ ಮಾಡುವುದು. 1960ರ ದಶಕದ ಕೊನೆಯಲ್ಲಿ ಫಿಲಡೆಲ್ಫಿಯಾದಲ್ಲಿ ಸಾಲ್ವಡಾರ್ ಮಿನುಚಿನ್, ಜೇ ಹೇಲಿ ಮೊದಲಾದವರು ಒಂದು ದಿಟ್ಟ ಪ್ರಯೋಗ ಮಾಡಿದರು. ಪದವಿಯಿಲ್ಲದ, ಬಡ ಬಡಾವಣೆಗಳ ಸಾಮಾನ್ಯ ಜನರನ್ನು ಆರಿಸಿಕೊಂಡು, ಅಂಥದೇ ಬಡ ಕುಟುಂಬಗಳಿಗೆ ಸಲಹೆಗಾರರಾಗುವಂತೆ ಅವರನ್ನು ಸಿದ್ಧಗೊಳಿಸಿದರು. ಒಂದು ಕಡೆಯಿಂದ ಮಾತ್ರ ಕಾಣುವ ಗಾಜಿನ ಹಿಂದೆ ಗುರುಗಳು ಕುಳಿತಿರುತ್ತಿದ್ದರು. ಕಲಿಯುವವರು ತಡವರಿಸಿದರೆ ಕೋಣೆಯ ಟೆಲಿಫೋನಿಗೆ ಕರೆ ಬರುತ್ತಿತ್ತು. ಬೇಕಾದರೆ ಗುರುಗಳೇ ಒಳಗೆ ಬರುತ್ತಿದ್ದರು. ಕುಟುಂಬಕ್ಕೂ ಇದೆಲ್ಲ ತಿಳಿದಿರುತ್ತಿತ್ತು. ಬಡಾವಣೆಯ ನುಡಿಯನ್ನೂ ಕಷ್ಟವನ್ನೂ ಬಲ್ಲವರಿಗೆ ಸರಿಯಾದ ಮೇಲ್ವಿಚಾರಣೆ ದೊರೆತರೆ ಅವರು ಸಮರ್ಥರಾಗುತ್ತಾರೆಂಬುದು ಆ ಪ್ರಯೋಗದ ಹಿಂದಿದ್ದ ನಂಬಿಕೆ. ನಮ್ಮ ಅಂಗನವಾಡಿ ಕಾರ್ಯಕರ್ತೆಯರು, ಆಶಾ ಕಾರ್ಯಕರ್ತೆಯರು, ಶಾಲೆಯ ಉಪಾಧ್ಯಾಯರು ಇಂಥವರ ವಿಷಯದಲ್ಲಿ ಯೋಚಿಸುವಾಗ ಇದನ್ನು ನೆನೆಯುವುದು ಒಳ್ಳೆಯದು. ಆದರೆ ಆ ಪ್ರಯೋಗದ ಅರ್ಧವನ್ನು ಮಾತ್ರ ತೆಗೆದುಕೊಳ್ಳಬಾರದು. ಪದವಿಯನ್ನು ಬಿಡಬಹುದು, ಮೇಲ್ವಿಚಾರಣೆಯನ್ನು ಬಿಡಲಾಗದು.

ಮೂರನೆಯದು, ಎಲ್ಲಕ್ಕಿಂತ ಕಷ್ಟವಾದದ್ದು: ಕಲಿಯುವವರು ತಮ್ಮ ಮನೆಯನ್ನೇ ನೋಡಿಕೊಳ್ಳುವುದು. ಮೂರು ತಲೆಮಾರಿನ ವಂಶವೃಕ್ಷವನ್ನು ಬರೆಯಬೇಕು. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ. ಯಾರಿಗೆ ಯಾರ ಮೇಲೆ ಪ್ರೀತಿ, ಯಾರು ಯಾರೊಡನೆ ಮಾತು ಬಿಟ್ಟರು, ಯಾರ ಹೆಸರನ್ನು ಮನೆಯಲ್ಲಿ ಎತ್ತುವುದಿಲ್ಲ ಎಂಬುದನ್ನು ಗೆರೆಗಳಿಂದ ಗುರುತಿಸಬೇಕು. ಹೆಸರು ಹೇಳಿದ ಬೋವೆನ್ ಅವರು 1967ರಲ್ಲಿ ವೃತ್ತಿಯ ಒಂದು ಸಮ್ಮೇಳನದಲ್ಲಿ ಶಾಸ್ತ್ರೀಯ ಪ್ರಬಂಧದ ಬದಲು ತಮ್ಮ ಸ್ವಂತ ಕುಟುಂಬದ ಕತೆಯನ್ನೇ ಮಂಡಿಸಿದರು. 1972ರಲ್ಲಿ ಅದು ಅಚ್ಚಾದಾಗ ಲೇಖಕರ ಹೆಸರಿನ ಜಾಗದಲ್ಲಿ 'ಅನಾಮಿಕ' ಎಂದಿತ್ತು. ಮನೆಯ ಮಾತನ್ನು ಹೊರಗಿಡುವ ಸಂಕೋಚ ನಮ್ಮೊಬ್ಬರದೇ ಅಲ್ಲ. ಈ ಆತ್ಮಪರೀಕ್ಷೆ ಏಕೆ ಬೇಕೆಂದರೆ, ಕಟ್ಟುನಿಟ್ಟಿನ ತಂದೆಯ ಮುಂದೆ ಬೆಳೆದ ಸಲಹೆಗಾರ, ಎದುರಿಗೆ ಕುಳಿತ ಕಟ್ಟುನಿಟ್ಟಿನ ತಂದೆಯೊಬ್ಬನನ್ನು ಕಂಡ ಕೂಡಲೇ ತನಗರಿವಿಲ್ಲದೆ ಮಗನ ಪಕ್ಷ ವಹಿಸಿಬಿಡುತ್ತಾನೆ. ಆಗ ಅವನು ಆ ಮನೆಯೊಡನೆ ಮಾತನಾಡುತ್ತಿರುವುದಿಲ್ಲ, ತನ್ನ ಮನೆಯ ಹಳೆಯ ಲೆಕ್ಕವನ್ನು ತೀರಿಸುತ್ತಿರುತ್ತಾನೆ.

ಗುಂಪನ್ನು ನಡೆಸುವವರ ತರಬೇತಿಗೂ ಇದೇ ನ್ಯಾಯ. ಮೊದಲು ಗುಂಪಿನಲ್ಲಿ ಒಬ್ಬರಾಗಿ ಕೆಲಕಾಲ ಕುಳಿತಿರಬೇಕು. ಅನಂತರ ಅನುಭವಿಗಳ ಜೊತೆ ಸಹಾಯಕರಾಗಬೇಕು. ಆಮೇಲೆ ತಾವೇ ನಡೆಸಬೇಕು. ಎರಡು ನಿಮಿಷದ ಮೌನವನ್ನು ಸಹಿಸಲಾರದೆ ತಾವೇ ಮಾತು ತುಂಬುವವರು ಗುಂಪನ್ನು ತರಗತಿಯನ್ನಾಗಿ ಮಾಡಿಬಿಡುತ್ತಾರೆ. ಬಾಯಿಬಡುಕರನ್ನು ನೋಯಿಸದೆ ತಡೆಯುವುದು, ಮೂಲೆಯಲ್ಲಿ ಕುಳಿತವರನ್ನು ಒತ್ತಾಯಿಸದೆ ಕರೆಯುವುದು, ಒಬ್ಬರ ಕಣ್ಣೀರಿಗೆ ಇನ್ನೊಬ್ಬರು ಸಾಂತ್ವನ ಹೇಳುವವರೆಗೆ ತಾವು ಸುಮ್ಮನಿರುವುದು ಸಾಧನೆಯಿಂದ ಬರಬೇಕು. ಸಣ್ಣ ಊರುಗಳಲ್ಲಿ ಇನ್ನೊಂದು ತೊಡಕಿದೆ. ಅಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಬಾಯಿ ಬಿಟ್ಟರೆ ಬಣ್ಣಗೇಡು ಎಂಬ ಭಯ ಸುಳ್ಳಲ್ಲ. ಗುಂಪಿನಲ್ಲಿ ಕೇಳಿದ್ದು ಸಂತೆಗೆ ಹೋಗಬಾರದೆಂಬ ಕಟ್ಟಳೆಯನ್ನು ಮೊದಲ ದಿನವೇ ಎಲ್ಲರ ಬಾಯಲ್ಲಿ ಹೇಳಿಸಿ, ಪ್ರತಿ ಸಲವೂ ನೆನಪಿಸಬೇಕಾಗುತ್ತದೆ.

ತೀರ್ಪು ಬೇಡ, ಪಕ್ಷ ಬೇಡವೆಂದು ಇಷ್ಟು ಹೇಳಿದಮೇಲೆ ಇದರ ಮಿತಿಯನ್ನೂ ಹೇಳದಿದ್ದರೆ ಮಾತು ಅರ್ಧವಾಗುತ್ತದೆ. ಮನೆಯಲ್ಲಿ ಹೊಡೆತವಿದ್ದರೆ ಏನು ಮಾಡಬೇಕು? ಹೊಡೆದವನನ್ನೂ ಹೊಡೆತ ತಿಂದವಳನ್ನೂ ಅಕ್ಕಪಕ್ಕ ಕೂರಿಸಿ, ಇಬ್ಬರ ಮಾತಿಗೂ ಸಮನಾಗಿ ತಲೆದೂಗಿ, "ಸ್ವಲ್ಪ ನೀನು ಹೊಂದಿಕೊಂಡು ಹೋಗಮ್ಮ" ಎಂದು ಮುಗಿಸುವ ಸಲಹೆ ನಮ್ಮಲ್ಲಿ ಅಪರೂಪವಲ್ಲ. ಅದು ಸಮದೃಷ್ಟಿಯಂತೆ ಕಂಡರೂ ಬಲವಿದ್ದವನ ಪಕ್ಷವೇ ಸರಿ. ಕೋಣೆಯಲ್ಲಿ ಆಕೆ ಬಿಚ್ಚಿ ಹೇಳಿದ ಒಂದು ಮಾತಿಗೆ ಮನೆಯಲ್ಲಿ ಏನು ಬೆಲೆ ತೆರಬೇಕಾಗುತ್ತದೆಂಬುದನ್ನು ಸಲಹೆಗಾರರು ಮೊದಲು ಯೋಚಿಸಬೇಕು. ಆದುದರಿಂದ ಒಬ್ಬೊಬ್ಬರನ್ನೂ ಬೇರೆಯಾಗಿ ಕಂಡು, ಭಯವಿದೆಯೇ ಎಂದು ಅರಿತು, ಆಮೇಲಷ್ಟೇ ಕೂಡಿಸಿ ಕೂರಿಸುವುದು ಶಿಕ್ಷಣದ ಅವಶ್ಯ ಭಾಗ.

ನಮ್ಮ ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 1984ರ ಕುಟುಂಬ ನ್ಯಾಯಾಲಯಗಳ ಕಾಯಿದೆ, ಸಾಧ್ಯವಿದ್ದೆಡೆ ಮೊದಲು ರಾಜಿಗೆ ಪ್ರಯತ್ನಿಸಬೇಕೆಂದು ವಿಧಿಸಿ, ಸಲಹೆಗಾರರ ನೇಮಕಕ್ಕೂ ಅವಕಾಶ ಕಲ್ಪಿಸಿತು. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯಿದೆಯಲ್ಲಿ ಗಂಡಹೆಂಡಿರನ್ನು ಒಟ್ಟಿಗಾಗಲಿ ಬೇರೆಬೇರೆಯಾಗಲಿ ಸಲಹೆಗೆ ಕಳುಹಿಸುವ ಅಧಿಕಾರ ಮ್ಯಾಜಿಸ್ಟ್ರೇಟರಿಗಿದೆ. ಆ ಕಾಯಿದೆಯ ಕೆಳಗೆ 2006ರಲ್ಲಿ ಬಂದ ನಿಯಮಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮಾಡಿದ ಹಿಂಸೆಗೆ ಸಮರ್ಥನೆ ಕೊಡಲು ಸಮಾಲೋಚನೆಯಲ್ಲಿ ಅವಕಾಶವಿಲ್ಲವೆಂದೂ, ಈ ಮಾತನ್ನು ಆರಂಭಕ್ಕೆ ಮುಂಚೆಯೇ ಅವನಿಗೆ ತಿಳಿಸಬೇಕೆಂದೂ ಹೇಳುತ್ತವೆ. ಹಿಂಸೆ ಮರುಕಳಿಸದೆಂಬ ಭರವಸೆ ಪಡೆಯುವುದೇ ಅಲ್ಲಿ ಸಲಹೆಗಾರರ ಗುರಿ. "ಅವಳು ಎದುರು ಮಾತಾಡಿದಳು, ಅದಕ್ಕೆ ಹೊಡೆದೆ" ಎಂಬ ವಾದಕ್ಕೆ ಅಲ್ಲಿ ಎಡೆಯಿಲ್ಲ. ತೀರ್ಪು ಕೊಡುವುದು ಬೇರೆ, ಎಲ್ಲೆ ಹಾಕುವುದು ಬೇರೆ. ಈ ಎರಡರ ವ್ಯತ್ಯಾಸವನ್ನು ಬಲ್ಲವರೇ ಕುಟುಂಬದ ಮುಂದೆ ಕೂರಲು ಅರ್ಹರು.

ಇಂದು ಶಾಲೆ, ಆಸ್ಪತ್ರೆ, ನ್ಯಾಯಾಲಯ, ಪೊಲೀಸ್ ಠಾಣೆ ಎಲ್ಲೆಡೆಯೂ ಆಪ್ತಸಲಹೆಗಾರರು ಬೇಕೆನ್ನುತ್ತಾರೆ. ಬೇಕೆಂಬುದೇನೋ ಸರಿ. ಆದರೆ ಕೆಲವೇ ದಿನಗಳ ಶಿಬಿರ ಮುಗಿಸಿ, ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದವರ ಮುಂದೆ ಒಂದು ಇಡೀ ಸಂಸಾರ ಬಂದು ಕುಳಿತರೆ ಆಗುವ ಅನರ್ಥವನ್ನು ಲೆಕ್ಕ ಹಾಕುವವರಿಲ್ಲ. ಆದ್ದರಿಂದ ಇಂಥವರ ನೆರವು ಕೇಳುವವರು ಕೆಲವು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಬಹುದು. ನೀವು ಕುಟುಂಬಗಳೊಡನೆ ಕೆಲಸ ಮಾಡಲು ಯಾರ ಬಳಿ ಕಲಿತಿರಿ? ನಿಮ್ಮ ಕೆಲಸವನ್ನು ಯಾರಾದರೂ ಹಿರಿಯರು ನೋಡಿ ತಿದ್ದುತ್ತಾರೆಯೇ? ನಮ್ಮನ್ನು ಬೇರೆ ಬೇರೆಯಾಗಿಯೂ ಕಾಣುತ್ತೀರಾ? ಚೆನ್ನಾಗಿ ಕಲಿತವರು ಈ ಪ್ರಶ್ನೆಗಳಿಂದ ನೊಂದುಕೊಳ್ಳುವುದಿಲ್ಲ.

ಕೂಡು ಕುಟುಂಬಗಳು ಒಡೆದವೆಂದು ನಾವು ಆಗಾಗ ಮರುಗುತ್ತೇವೆ. ಒಡೆದರೂ ಒಡೆಯದಿದ್ದರೂ, ಒಂದೇ ಸೂರಿನ ಕೆಳಗೆ ಇರುವವರು ಒಬ್ಬರ ಮಾತನ್ನು ಇನ್ನೊಬ್ಬರು ಕೊನೆಯವರೆಗೆ ಕೇಳಿಸಿಕೊಳ್ಳುವುದು ಎಲ್ಲ ಕಾಲಕ್ಕೂ ಕಷ್ಟದ ಕೆಲಸವಾಗಿಯೇ ಉಳಿದಿದೆ. ಅದನ್ನು ಯಾವ ಸಲಹೆಗಾರರೂ ಅವರ ಬದಲಿಗೆ ಮಾಡಿಕೊಡಲಾರರು. ತಂದೆ ಹೇಳುವಾಗ ಮಗನೂ, ಸೊಸೆ ಹೇಳುವಾಗ ಅತ್ತೆಯೂ ಐದು ನಿಮಿಷ ಸುಮ್ಮನೆ ಕುಳಿತು ಕೇಳುವಂತೆ ಆ ಕೋಣೆಯನ್ನು ಸಿದ್ಧಗೊಳಿಸಿದರೆ ಅವರ ವಿದ್ಯೆ ಸಾರ್ಥಕವಾಯಿತು.